ಅಚ್ಚಿನ ಪುಟದಲ್ಲಿ ಬಿಡುವು

ನಮ್ಮ ಪರೀಕ್ಷೆಯೊಂದರಲ್ಲಿ ‘ಕತ್ತೆಯನ್ನು ವರ್ಣಿಸಿರಿ’ ಎಂದು ಕೇಳಿದ್ದೆವು. ಕಾಗದವನ್ನುಳಿಸಲೆಂದು ಸಾಲುಗಳನ್ನು ಇಕ್ಕಟ್ಟಾಗಿ ಜೋಡಿಸಿದುದರಿಂದ ತಕಾರದ ಒತ್ತು ಕೆಳಗಿನ ಸಾಲಿನಲ್ಲಿ ಅಡಗಿಹೋಯಿತು. ಎಷ್ಟೋ ಬಾಲಕಿಯರು ಕತೆಯೊಂದನ್ನು ಬರೆದಿಟ್ಟರು! ಅಂಕಗಳನ್ನು ಕಳೆಯಲು ನಮಗೆ ಮನಸ್ಸಾಗಲಿಲ್ಲ, ತಪ್ಪು ಅವರದಲ್ಲವಷ್ಟೆ.

ಪುಟದ ಬರಿಯ ಸ್ಥಳವು ವ್ಯರ್ಥವಲ್ಲವೆಂದು ಜರ್ಮನಿಯ ಯಾನ್ ಚಿಖೋಲ್ಡರು 1928ರಲ್ಲಿ ಪ್ರಕಟಿಸಿದ ನೂತನ ಮುದ್ರಣಕಲೆಯ ಗ್ರಂಥದಲ್ಲಿ ವಾದಿಸಿದರು. ಶೀರ್ಷಿಕೆಯು ಪುಟದ ನಡುವೆಯೇ ನಿಲ್ಲಬೇಕಾಗಿಲ್ಲ. ಅರ್ಥದ ಮಹತ್ತ್ವವೇ ಅಕ್ಷರಗಳ ಗಾತ್ರವನ್ನೂ ಸ್ಥಾನವನ್ನೂ ಗೊತ್ತುಮಾಡಬೇಕು. ಹೂಬಳ್ಳಿಗಳ ಅಲಂಕಾರ ಬೇಡ ಎಂಬುದು ಅವರ ಮತ. 1933ರಲ್ಲಿ ನಾಜಿಗಳ ಸೆರೆಯಿಂದ ಬಿಡುಗಡೆ ಹೊಂದಿ ಅವರು ಸೇರಿದುದು ಬಾಸೆಲ್ ನಗರವನ್ನು. 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವನ್ನು ತೆರೆದ ಮಿಶನ್ನಿನ ಊರೂ ಅದೇ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದುದು ಆ ಅಚ್ಚುಕೂಟದಲ್ಲಿಯೇ.

ಆದರೆ ಚಿಖೋಲ್ಡರ ನಿಯಮಗಳು ರೋಮನ್ ಲಿಪಿಯಿಂದ ಹುಟ್ಟಿದವು. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವಿಲ್ಲ. ಒತ್ತುಗಳೋ ಸಾಲಿನ ಕೆಳಗಿಳಿಯುತ್ತವೆ. ನಿಪ್ಪಾಣಿ, ಕಾಗವಾಡಗಳ ಕಡೆ ಕನ್ನಡ ಮರಾಠಿಗಳೆರಡೂ ಒಂದೇ ಪ್ರಕಟನೆಯಲ್ಲಿ ಬರುವುದುಂಟು. ಬಾಳಬೋಧದ ಅಕ್ಷರಗಳು ಮೇಲ್ಗೆರೆಯಿಂದ ತೂಗುತ್ತವೆ. ನಮ್ಮವು ದುಂಡಗೆ ಕುಳಿತು ಕಾಲು ಚಾಚುತ್ತವೆ. ಎರಡಕ್ಕೂ ಒಂದೇ ಅಂತರವನ್ನಿಟ್ಟರೆ ಕನ್ನಡದ ಸಾಲೇ ಇಕ್ಕಟ್ಟಾಗುವುದು. ಆದುದರಿಂದ ಅವರ ಶೀರ್ಷಿಕೆಯ ವಿಧಾನಕ್ಕಿಂತ ಬಿಡುವಿನ ಪಾಠವೇ ನಮಗೆ ಹೆಚ್ಚು ಉಪಯುಕ್ತವೆಂದು ತೋರುತ್ತದೆ.

ಭಿತ್ತಿಪತ್ರಿಕೆಯನ್ನು ಬರೆಯುವ ಬಾಲಕಿಯರೇ, ಸಾಲುಗಳ ಅಂತರವನ್ನು ಗೊತ್ತುಮಾಡುವ ಮೊದಲು ‘ಸ್ತ್ರೀ’ ಎಂದು ಬರೆದು ನೋಡಿರಿ. ಅದರ ಎರಡು ಒತ್ತುಗಳಿಗೂ ಕೆಳಗೆ ಸ್ಥಳವಿರಬೇಕು.

ಮುಂದಿನ ಪರೀಕ್ಷೆಯ ಪ್ರಶ್ನಪತ್ರಿಕೆಗೆ ನಾವು ಒಂದು ಹಾಳೆಯನ್ನು ಹೆಚ್ಚಾಗಿ ತೆತ್ತೆವು.