ಕೊಳ್ಳುವ ಬೆಲೆಗಿಂತ ಬಿಡುವ ಬೆಲೆ

ಸಣ್ಣ ಅಂಗಡಿ, ಕಚೇರಿ ನಡೆಸುವವರು ತಂತ್ರಾಂಶ ಹಾಕಿಸುವಾಗ ಮೊದಲು ಕೇಳುವುದು ಎಷ್ಟಾಗುತ್ತದೆ ಎಂದು. ನಾಳೆ ಇದನ್ನು ಬಿಟ್ಟರೆ ನನ್ನ ಕಡತಗಳ ಗತಿಯೇನು ಎಂದು ಅದಕ್ಕೂ ಮುಂಚೆ ಕೇಳಬೇಕು. ನಮ್ಮ ಡಿಟಿಪಿ ಅಂಗಡಿಗಳನ್ನೇ ನೋಡಿ. ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಶ್ರೀಲಿಪಿ ತಂತ್ರಾಂಶಗಳ ಫಾಂಟಿನಲ್ಲಿ ಕಂಪೋಸ್ ಮಾಡಿದ ಎಷ್ಟೋ ಪುಸ್ತಕಗಳು ಇನ್ನೂ ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿವೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನುಡಿಯ ಹಳೇ ಕಡತ ತೆರೆದರೆ ಕನ್ನಡ ಕಾಣುವುದಿಲ್ಲ. ನೆತ್ತಿಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಯುನಿಕೋಡಿಗೆ ಪರಿವರ್ತಿಸಿದರೂ ಒತ್ತಕ್ಷರ, ಅರ್ಕಾವತ್ತು ಕೆಟ್ಟ ಕಡೆಯೆಲ್ಲ ಯಾರಾದರೂ ಕೂತು ಕರಡು ತಿದ್ದಬೇಕು. ಆ ಕೂಲಿಯನ್ನು ಕೊಳ್ಳುವಾಗ ಯಾರೂ ಲೆಕ್ಕ ಹಿಡಿದಿರುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತವಾಗಿತ್ತು, ಶ್ರೀಲಿಪಿಗೆ ದುಡ್ಡು ಕೊಡಬೇಕಿತ್ತು. ಸಿಕ್ಕಿಬಿದ್ದವರು ಎರಡೂ ಕಡೆ ಇದ್ದಾರೆ.

ಪತ್ರ, ಕೊಟೇಶನ್, ಸರಳ ಲೆಕ್ಕದ ಹಾಳೆಗೆ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ಸಾಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. 2010ರಲ್ಲಿ ಸನ್ ಕಂಪನಿ ಒರೇಕಲ್ ಪಾಲಾದಾಗ ಅದರ ಓಪನ್ ಆಫೀಸಿನಿಂದ ಕವಲೊಡೆದು ಬಂದದ್ದಿದು. ಮಾಲೀಕರು ಬದಲಾದರು, ಬಳಕೆದಾರರ ಕಡತಗಳು ಹೊಸದರಲ್ಲೂ ತೆರೆದವು. ದುಡ್ಡಿನ ತಂತ್ರಾಂಶಕ್ಕೆ ಕಂಪ್ಯೂಟರೊಂದರ ಚಂದಾ ವರ್ಷಕ್ಕೆ 5,000 ರೂಪಾಯಿ ಎಂದಿಟ್ಟುಕೊಂಡರೆ ಮೂರು ಕಂಪ್ಯೂಟರಿಗೆ ಐದು ವರ್ಷದಲ್ಲಿ 75,000 ಉಳಿಯುತ್ತದೆ. ವರ್ಡ್ ಕಡತ ತೆರೆದಾಗ ಕೋಷ್ಟಕ ಸರಿಯುವುದು, ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರುವುದು ನಿಜ. ಪಿಡಿಎಫ್ ಮಾಡಿ ಕಳಿಸಿದರೆ ಹೆಚ್ಚಿನ ತಕರಾರು ತಪ್ಪುತ್ತದೆ. ದಿನವಿಡೀ ಗಿರಾಕಿಗಳ ವರ್ಡ್ ಕಡತವನ್ನೇ ತಿದ್ದುವವರು ಮಾತ್ರ ದುಡ್ಡು ಕೊಟ್ಟು ವರ್ಡನ್ನೇ ಹಾಕಿಸಿಕೊಳ್ಳಲಿ. ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ಒಯ್ದ ಮ್ಯೂನಿಕ್ ನಗರಾಡಳಿತವೇ 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನೇ ನಂಬಿ ನಡೆದಿವೆ. ಅಲ್ಲಿ ಮೇಷ್ಟರುಗಳಿಗೆ ತರಬೇತಿ ಕೊಟ್ಟರು, ಪಾಠವನ್ನೂ ಅದಕ್ಕೆ ಹೊಂದಿಸಿದರು. ಉಳಿಸಿದ ಹಣದಲ್ಲಿ ಒಂದು ಪಾಲನ್ನು ಕಲಿಸಲು ಎತ್ತಿಡಲಾರದವರು ಇದಕ್ಕೆ ಕೈಹಾಕದಿರುವುದೇ ಮೇಲು.

ವ್ಯಾಪಾರದ ಲೆಕ್ಕಪತ್ರದ ವಿಷಯದಲ್ಲಿ ನನ್ನ ಸಲಹೆ ತಿರುಗುಮುರುಗು. ಅಲ್ಲಿಯೂ ಉಚಿತವಾದವು ಇವೆ, ಆದರೂ ಟ್ಯಾಲಿಯಂಥದ್ದಕ್ಕೆ ದುಡ್ಡು ಕೊಡಿ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಿನಿಂದ ದರಗಳು, ರಿಟರ್ನ್ ನಿಯಮಗಳು, ಇ-ಇನ್‌ವಾಯ್ಸ್ ಮಿತಿ ಪದೇಪದೇ ಬದಲಾಗಿವೆ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇವನ್ನೆಲ್ಲ ಹೊತ್ತಿಗೆ ಸರಿಯಾಗಿ ಅಳವಡಿಸಿಕೊಡುವ ಕೆಲಸಕ್ಕೆ ಕೊಡುವ ಹಣ ನ್ಯಾಯವಾದದ್ದು. ಊರಿನ ಅಕೌಂಟೆಂಟರಿಗೂ ಆಡಿಟರಿಗೂ ರೂಢಿಯಾಗಿರುವುದು ಹೆಚ್ಚಾಗಿ ಟ್ಯಾಲಿಯೇ. ಆದರೆ ಪ್ರತಿ ಮಾರ್ಚ್ ಮುಗಿದ ಮೇಲೆ ಲೆಡ್ಜರು, ಡೇಬುಕ್ಕುಗಳನ್ನು ಎಕ್ಸೆಲ್, ಪಿಡಿಎಫ್ ಮಾಡಿ ಬೇರೆ ಡಿಸ್ಕಿನಲ್ಲಿಡಿ. ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪುಸ್ತಕ ಕಾಪಾಡಬೇಕೆಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ; ಅಷ್ಟರೊಳಗೆ ತಂತ್ರಾಂಶ ಬದಲಾದರೂ ಅಧಿಕಾರಿ ಕೇಳಿದ ದಿನ ಪುಸ್ತಕ ತೋರಿಸಬೇಕಾದವರು ನೀವೇ.