ತಡವಾದ ದೂರೂ ದೂರೇ

ಕಳವು ಅಥವಾ ಹಲ್ಲೆ ನಡೆದು ಒಂದು ದಿನ ಕಳೆದರೆ ಪೊಲೀಸರು ದೂರು ಸ್ವೀಕರಿಸುವುದಿಲ್ಲವೆಂದು ನಂಬಿ ಠಾಣೆಯ ಮೆಟ್ಟಿಲನ್ನೇ ಹತ್ತದವರು ಮೈಸೂರಿನಂತಹ ವಿದ್ಯಾವಂತರ ನಗರದಲ್ಲಿಯೂ ಇದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಪ್ರಥಮ ವರ್ತಮಾನ ವರದಿಗೆ, ಅಂದರೆ ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಬಗ್ಗೆ ಠಾಣೆಯಲ್ಲಿ ಮೊದಲು ದಾಖಲಾಗುವ ಮಾಹಿತಿಗೆ, ಯಾವ ಗಡುವನ್ನೂ ವಿಧಿಸಿಲ್ಲ. ಅದರ 514ನೆಯ ಕಲಂ ಹೇಳುವ ಕಾಲಮಿತಿಯು ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸುವುದಕ್ಕೆ ಸಂಬಂಧಿಸಿದ್ದು, ಕೇವಲ ದಂಡ ವಿಧಿಸಬಹುದಾದ ಅಪರಾಧಕ್ಕೆ 6 ತಿಂಗಳು, 1 ವರ್ಷದವರೆಗೆ ಸೆರೆವಾಸವಿರುವುದಕ್ಕೆ 1 ವರ್ಷ, 3 ವರ್ಷದವರೆಗಿನದಕ್ಕೆ 3 ವರ್ಷ ಎಂದಿದ್ದು, ಅದಕ್ಕಿಂತ ಗುರುತರವಾದುದಕ್ಕೆ ಸಾಮಾನ್ಯವಾಗಿ ಮಿತಿಯೇ ಇಲ್ಲ.

ಹಾಗೆಂದು ನಾಳೆ ನೋಡೋಣವೆಂದು ಕೂರುವುದೂ ಸಲ್ಲದು. ಸಿಸಿಟಿವಿ ದೃಶ್ಯ ಅಳಿಸಿಹೋಗುತ್ತದೆ, ಗಾಯ ಮಾಯುತ್ತದೆ, ಎದುರುಪಕ್ಷದ ವಕೀಲರು ವಿಳಂಬವನ್ನೇ ಅಸ್ತ್ರವಾಗಿಸಿಕೊಳ್ಳುತ್ತಾರೆ. ಆದ್ದರಿಂದ ತಡವಾದ ಕಾರಣವನ್ನು ದೂರಿನಲ್ಲಿಯೇ ಬರೆಯುವುದು ಲೇಸು. ಆನ್‌ಲೈನ್ ವಂಚನೆಯಲ್ಲಂತೂ ಹಣ ಕೈದಾಟುವ ಮುನ್ನ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದಾದ್ದರಿಂದ, ಮೈಸೂರಿನ ಲಷ್ಕರ್ ಠಾಣೆಯ ವ್ಯಾಪ್ತಿಯ ಘಟನೆಯನ್ನು ನಜರ್‌ಬಾದ್ ಠಾಣೆಯಲ್ಲಿಯೂ ತಿಳಿಸಬಹುದು. ವಿದ್ಯುನ್ಮಾನ ರೂಪದಲ್ಲಿ ದೂರಿತ್ತವರು ಮಾತ್ರ 3 ದಿನಗಳೊಳಗೆ ಸಹಿ ಮಾಡಬೇಕು. ವರದಿಯ ಪ್ರತಿ ಉಚಿತವಾಗಿ ಸಿಗುತ್ತದೆ, ಸಂಕೋಚಪಡದೆ ಕೇಳಿ ಪಡೆಯಬೇಕು. ಠಾಣೆಯಲ್ಲಿ ನಿರಾಕರಿಸಿದರೆ ನಗರ ಪೊಲೀಸ್ ಆಯುಕ್ತರ ಕಚೇರಿಗೆ ಲಿಖಿತವಾಗಿ ಬರೆದು, ಅಲ್ಲಿಯೂ ಫಲಿಸದಿದ್ದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.