ಒಂಬತ್ತು–ಹತ್ತರ ನಡುಮನೆ

2011ರ ಶ್ರಾವಣದಲ್ಲಿ ಈ ಮನೆಗೆ ಬಂದಾಗ ಸಾಮಾನು ಹೊತ್ತು ತಂದ ಹುಡುಗರು ಡಬಲ್ ಕಾಟನ್ನು ಮೆಟ್ಟಿಲ ತಿರುವಿನಲ್ಲಿ ಇಳಿಸಿ, 'ಅಕ್ಕಾ, ಇದನ್ನ ರೂಮಿಗೆ ಹಾಕಿದ್ರೆ ಬೀರು ಎಲ್ಲಿಡ್ತೀರ?' ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ನೋಡಲು ಬಂದ ದಿನ ಮನೆ ಖಾಲಿಯಿತ್ತು, ದೊಡ್ಡದಾಗಿಯೇ ಕಂಡಿತ್ತು. ಟೇಪು ಹಿಡಿದು ಅಳೆಯಬೇಕೆಂದು ನನಗಾಗಲಿ ನಮ್ಮ ಯಜಮಾನರಿಗಾಗಲಿ ಹೊಳೆದಿರಲಿಲ್ಲ.

ಬೆಂಗಳೂರಿನ ಹನುಮಂತನಗರದ ಕಡೆ, ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಎದ್ದ ಮನೆಯ ಮೊದಲ ಮಹಡಿ. ಅದರಲ್ಲೂ ಅರ್ಧ ನಮಗೆ, ಇನ್ನರ್ಧ ಬೇರೆ ಬಾಡಿಗೆಯವರಿಗೆ. ನಡುಮನೆ 9 ಅಡಿಗೆ 10, ರೂಮು 8ಕ್ಕೆ 9, ಅಡುಗೆಮನೆ 6ಕ್ಕೆ 7, ಬಚ್ಚಲು 4ಕ್ಕೆ 6. ಎಲ್ಲ ಕೂಡಿಸಿದರೆ 228 ಚದರಡಿ. ಇರುವವರು ನಾಲ್ಕು ಜನ: ನಾವಿಬ್ಬರು, ಆಗ ಎರಡನೇ ತರಗತಿಯಲ್ಲಿದ್ದ ಮಗಳು, ಮಾವ ತೀರಿಕೊಂಡ ಮೇಲೆ ಮೈಸೂರು ಬಿಟ್ಟು ನಮ್ಮ ಜೊತೆ ಬಂದ ಅತ್ತೆ.

ಆ ಮಂಚ ನನ್ನ ತವರಿನವರು ಕೊಟ್ಟದ್ದು. ಐದಡಿ ಅಗಲ, ಆರೂವರೆ ಅಡಿ ಉದ್ದ. ರೂಮಿನ 72 ಚದರಡಿಯಲ್ಲಿ 32ಕ್ಕೂ ಹೆಚ್ಚನ್ನು ಅದೊಂದೇ ನುಂಗಿ ಕೂತಿತು. ಬೀರು ನಡುಮನೆಗೆ ಬಂತು. ನಡುಮನೆಯಲ್ಲಿ ಅತ್ತೆ ಮಲಗುವ ಜಾಗಕ್ಕೆ ಬೀರುವಿನ ಬಾಗಿಲು ತಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ ನಾನು ಸೀರೆ ತೆಗೆಯಬೇಕಾದರೆ ಅವರು ಎದ್ದು ಕೂರಬೇಕು. ಒಂದು ದಿನವೂ ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಎದ್ದು, ಹಾಸಿಗೆ ಸುತ್ತಿ, ಗೋಡೆಗೆ ಒರಗಿ ಕೂರುತ್ತಿದ್ದರು. ನಾಲ್ಕು ತಿಂಗಳು ಅದನ್ನು ನೋಡಿ ಮಂಚ ಮಾರಿದೆ. ಅಮ್ಮನಿಗೆ ಹೇಳಲು ಇನ್ನೊಂದು ತಿಂಗಳು ಬೇಕಾಯಿತು.

ಅತ್ತೆ ಮೈಸೂರಿನ ಅಗ್ರಹಾರದ ವಠಾರವೊಂದರಲ್ಲಿ ಬೆಳೆದವರು. ಒಂದು ಕೋಣೆ, ಒಂದು ಅಡುಗೆಮನೆ, ಏಳು ಜನ. ಕೊಳಾಯಿ, ಕಕ್ಕಸು ಎಲ್ಲರಿಗೂ ಸೇರಿದ್ದು. ಹಗಲಿನಲ್ಲಿ ಆ ಕೋಣೆಯಲ್ಲಿ ನೆಲದ ಮೇಲೆ ಒಂದು ವಸ್ತುವೂ ಇರುತ್ತಿರಲಿಲ್ಲವಂತೆ. ಹಾಸಿಗೆಗಳು ಸುರುಳಿಯಾಗಿ ನಾಗಂದಿಗೆ ಸೇರುತ್ತಿದ್ದವು, ಒಗೆದ ಬಟ್ಟೆ ಸೂರಿನ ಗಳುವಿಗೆ ಏರುತ್ತಿತ್ತು, ಹಾಲು ಮೊಸರು ನೆಲುವಿನಲ್ಲಿ ತೂಗುತ್ತಿದ್ದವು. ಬೆಳಿಗ್ಗೆ ಅದೇ ನೆಲದಲ್ಲಿ ಊಟದೆಲೆ, ಮಧ್ಯಾಹ್ನ ಹಪ್ಪಳದ ಹಿಟ್ಟು, ಸಂಜೆ ಮಕ್ಕಳ ಪಾಠ, ರಾತ್ರಿ ಹಾಸಿಗೆ. ಇದನ್ನೆಲ್ಲ ಅವರು ಹಳೆಯ ಕಷ್ಟವೆಂದು ಹೇಳುತ್ತಿದ್ದರು. ನನಗೆ ಅದು ಆ ಹೊತ್ತಿಗೆ ಬೇಕಾಗಿದ್ದ ಉತ್ತರದಂತೆ ಕೇಳಿಸಿತು. ನಮ್ಮ ಮಂಚ ದಿನಕ್ಕೆ ಎಂಟು ಗಂಟೆ ಕೆಲಸಕ್ಕೆ ಬರುತ್ತಿತ್ತು, ಜಾಗವನ್ನು ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಹಿಡಿದಿಟ್ಟುಕೊಂಡಿತ್ತು.

ಅಲ್ಲಿಂದ ನಾನು ನೆಲ ಉಳಿಸುವ ಹಟಕ್ಕೆ ಬಿದ್ದೆ. ಮಾಲೀಕರನ್ನು ಕಾಡಿ ಬೇಡಿ ಗೋಡೆ ಕೊರೆಯಲು ಒಪ್ಪಿಸಿ, ಏಳಡಿ ಎತ್ತರದಲ್ಲಿ ನಡುಮನೆಯ ಮೂರು ಗೋಡೆಗೂ ಒಂಬತ್ತಂಗುಲ ಅಗಲದ ಹಲಗೆ ಹೊಡೆಸಿದೆ. ಪುಸ್ತಕ, ಡಬ್ಬ, ಹೊಲಿಗೆಯ ಸಾಮಾನು ಎಲ್ಲ ತಲೆಯ ಮೇಲಕ್ಕೆ ಹೋದವು. ಅಟ್ಟದಲ್ಲಿಟ್ಟದ್ದರ ಪಟ್ಟಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಕೆಳಗಿಳಿಯದ ಪಾತ್ರೆ, ಬಟ್ಟೆಯನ್ನು ಬೇಕಾದವರಿಗೆ ಕೊಟ್ಟುಬಿಟ್ಟೆ. 25 ಕೆಜಿ ಅಕ್ಕಿಮೂಟೆ ತರುವುದನ್ನೂ ನಿಲ್ಲಿಸಿದೆ. ಮೂಟೆಯಲ್ಲಿ ಕೊಂಡರೆ ಅಗ್ಗ, ನಿಜ, ಆದರೆ ರಸ್ತೆಯ ಕೊನೆಯಲ್ಲೇ ದಿನಸಿ ಅಂಗಡಿ ಇರುವಾಗ ಉಗ್ರಾಣ ಅಲ್ಲೇ ಇರಲಿ ಎನಿಸಿತು.

ಕೆಲವು ಕಡೆ ಜಿಪುಣತನ ಮಾಡಬಾರದೆಂದೂ ಕಲಿತೆ. ಬೀರುವನ್ನು ಬಚ್ಚಲ ಗೋಡೆಗೆ ಒತ್ತಿಟ್ಟು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಧಾರೆ ಸೀರೆಯ ಮಡಿಕೆಗೆ ಬೂಷ್ಟು ಹಿಡಿದಿತ್ತು. ಈಗ ಗೋಡೆಗೂ ಬೀರುವಿಗೂ ನಾಲ್ಕು ಬೆರಳು ಗಾಳಿ ಬಿಟ್ಟಿದ್ದೇನೆ. ಫ್ರಿಜ್ಜಿನ ಹಿಂದೆಯೂ ಅಷ್ಟು ಬೇಕು, ಅದರ ಬಿಸಿ ಹೊರಗೆ ಹೋಗಬೇಕಲ್ಲ. ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿಸಿ ಮುಚ್ಚಲು ಹೊರಟಿದ್ದೆ. ಬಡಗಿಯೇ ತಡೆದರು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅಂದಕ್ಕಾಗಿ ಅದನ್ನು ಮುಚ್ಚಿಡುವ ಮಾತೇ ಬೇಡ.

ಇಷ್ಟಾದ ಮೇಲೆ ನನ್ನ ಕಣ್ಣು ಬಿದ್ದದ್ದು ಅತ್ತೆಯ ಟ್ರಂಕಿನ ಮೇಲೆ. ಹಸಿರು ಬಣ್ಣ ಹೊಡೆದ ತಗಡಿನ ಟ್ರಂಕು. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ನಡುಮನೆಯ ಕಿಟಕಿಯ ಕೆಳಗೆ ಇರುತ್ತಿತ್ತು. ಒಳಗೆ ಎರಡು ರೇಷ್ಮೆ ಸೀರೆ, ಮಾವನ ಕನ್ನಡಕ, ಒಂದಿಷ್ಟು ಹಳೆಯ ಕಾಗದಗಳು, ಹತ್ತಿಯ ಮೆತ್ತೆಯಲ್ಲಿ ಸುತ್ತಿದ ಪಟ್ಟದ ಬೊಂಬೆಗಳು. 'ಅತ್ತೆ, ಇದನ್ನ ಅಟ್ಟಕ್ಕೆ ಹಾಕೋಣ್ವ? ಬೇಕಾದಾಗ ಇಳಿಸಿಕೊಡ್ತೀನಿ' ಅಂದೆ. 'ಹಾಕಮ್ಮ, ಅದಕ್ಕೇನಂತೆ' ಅಂದರು.

ಟ್ರಂಕು ಮೇಲೆ ಹೋಯಿತು. ನಾಲ್ಕು ಚದರಡಿ ಉಳಿಯಿತೆಂದು ನನಗೆ ಖುಷಿ. ಆದರೆ ಕೆಲವೇ ದಿನಗಳಲ್ಲಿ ಅತ್ತೆ ಮನೆಯಲ್ಲಿ ಅಲೆದಾಡತೊಡಗಿದರು. ಅಡುಗೆಮನೆಯ ಹೊಸಿಲ ಬಳಿ ನಿಲ್ಲುವರು, ನಾನು ಹೋದರೆ ಸರಿದು ದಾರಿ ಬಿಡುವರು. ರೂಮಿಗೆ ಬರುವರು, ಮಗಳು ಪುಸ್ತಕ ಹರಡಿಕೊಂಡಿದ್ದರೆ ಹೊರಗೆ ಹೋಗುವರು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕುರ್ಚಿ ಹಾಕಿಕೊಟ್ಟರೆ ಐದು ನಿಮಿಷಕ್ಕೆ ಎದ್ದು ಅದನ್ನು ಮಡಚಿ ಗೋಡೆಗೆ ಒರಗಿಸಿಬಿಡುವರು, ದಾರಿಗೆ ಅಡ್ಡವಾಗುತ್ತದೆಂದು. ಏನಾಯಿತೆಂದು ನನಗೆ ಅರ್ಥವಾಗಲಿಲ್ಲ. ಕೊನೆಗೆ ಮಗಳೇ, 'ಅಜ್ಜಿ ಟ್ರಂಕಿನ ಮೇಲೆ ಕೂತ್ಕೋತಿದ್ರಲ್ಲ ಅಮ್ಮ, ಈಗ ಎಲ್ಲಿ ಕೂತ್ಕೋಬೇಕು?' ಎಂದಳು.

ಹೌದು, ಅವರು ಅದರ ಮೇಲೆಯೇ ಕೂತು ಹೂ ಕಟ್ಟುತ್ತಿದ್ದರು, ಬೀನ್ಸ್ ಬಿಡಿಸುತ್ತಿದ್ದರು, ಕಿಟಕಿಯಿಂದ ತರಕಾರಿ ಗಾಡಿಯವನನ್ನು ಕೂಗುತ್ತಿದ್ದರು. ಎಷ್ಟೋ ಮಧ್ಯಾಹ್ನ ಅದರ ಮುಚ್ಚಳ ತೆಗೆದು ಏನನ್ನೋ ನೋಡಿ ಮತ್ತೆ ಮುಚ್ಚುತ್ತಿದ್ದರು. 228 ಚದರಡಿಯಲ್ಲಿ ಅವರದೆಂದು ಇದ್ದ ಜಾಗ ಅಷ್ಟೇ. ನಾನು ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಯಜಮಾನರು ಏಣಿ ಹಾಕಿ ಟ್ರಂಕನ್ನು ಇಳಿಸಿದರು. ಅತ್ತೆ, 'ಯಾಕೆ ಸುಮ್ಮನೆ ಶ್ರಮ' ಅನ್ನುತ್ತಲೇ ಸೆರಗಿನಿಂದ ಅದರ ಧೂಳು ಒರೆಸಿದರು.

ರೂಮಿನ ಬಾಗಿಲ ವಿಷಯದಲ್ಲೂ ಇದೇ ತಪ್ಪು ಮಾಡಿದ್ದೆ. ಎರಡೂವರೆ ಅಡಿಯ ಬಾಗಿಲು ತೆರೆಯಲು ಸುಮಾರು 5 ಚದರಡಿ ನೆಲ ಖಾಲಿ ಇರಬೇಕು. ಅದನ್ನು ಕಳಚಿಟ್ಟು ಪರದೆ ಹಾಕಿದ್ದೆ, ಬಾಗಿಲಿದ್ದ ಜಾಗದಲ್ಲಿ ಮಗಳಿಗೊಂದು ಚಿಕ್ಕ ಬೆಂಚು ಬಂದಿತ್ತು. ಅವಳು ಎಂಟನೇ ತರಗತಿಗೆ ಬಂದಾಗ, ಬಚ್ಚಲಿನಲ್ಲಿ ಅವಳು ಬಟ್ಟೆ ಬದಲಿಸಲು ಒದ್ದಾಡುವುದನ್ನು ಕಂಡು ಬಾಗಿಲನ್ನು ಮತ್ತೆ ಕೂರಿಸಿದೆವು. ಬೆಂಚು ನಡುಮನೆಗೆ, ಟ್ರಂಕಿನ ಪಕ್ಕಕ್ಕೆ ಬಂತು. ಅಜ್ಜಿ ಮೊಮ್ಮಗಳು ಒಂದೇ ಕಿಟಕಿಯ ಬೆಳಕು ಹಂಚಿಕೊಂಡರು. ನಡುಮನೆಯಲ್ಲಿ ಓಡಾಡುವ ದಾರಿ ಒಂದೂವರೆ ಅಡಿಗೆ ಇಳಿಯಿತು. ಸ್ವಲ್ಪ ಓರೆಯಾಗಿ ನಡೆಯುತ್ತೇವೆ.

ದಸರೆಗೆ ಅತ್ತೆ ಬೊಂಬೆ ಕೂರಿಸುತ್ತಾರೆ. ಮೈಸೂರಿನಲ್ಲಿ ಒಂಬತ್ತು ಮೆಟ್ಟಿಲು ಇಡುತ್ತಿದ್ದರಂತೆ, ನಮ್ಮಲ್ಲಿ ಮೂರು. ಕೆಳಗೆ ಒಂದು ಮಣೆ, ಅದರ ಹಿಂದೆ ಮಗಳ ಹಳೆಯ ಪುಸ್ತಕಗಳ ಪೆಟ್ಟಿಗೆ, ಎಲ್ಲಕ್ಕಿಂತ ಮೇಲೆ ಟ್ರಂಕು, ಅದರ ಮೇಲೊಂದು ಬಿಳಿ ಪಂಚೆ. ವರ್ಷವೆಲ್ಲ ಅದರೊಳಗೆ ಮಲಗಿರುವ ಪಟ್ಟದ ಬೊಂಬೆಗಳು ಆ ದಿನಗಳಲ್ಲಿ ಅದರ ಮೇಲೆ ನಿಲ್ಲುತ್ತವೆ. ಆಗ ಅತ್ತೆಗೆ ಕೂರುವ ಜಾಗವಿಲ್ಲ. ಮೊದಲ ಸಲ ಅದು ನನ್ನ ತಲೆಗೆ ಬಂದು ಕುರ್ಚಿ ತರಲು ಎದ್ದೆ. ಅಷ್ಟರಲ್ಲಿ ಮಗಳು ತನ್ನ ಬೆಂಚಿನ ಮೇಲಿನ ಪುಸ್ತಕಗಳನ್ನು ಎತ್ತಿ ನಾಗಂದಿಗೆಯ ಹಲಗೆಗೆ ಏರಿಸಿ, ಅಜ್ಜಿಯನ್ನು ಅಲ್ಲಿ ಕೂರಿಸಿ, ತಾನು ಅವರ ಕಾಲ ಬಳಿ ಚಾಪೆ ಹಾಸಿಕೊಂಡಿದ್ದಳು.